ಒಂಬತ್ತನೆಯ ರೀಲಿನ ನೋಟ

ಮಾರ್ಚ್ 3, ಸೋಮವಾರ

ಕೊನೆಗೂ ಬಂತು. ಹತ್ತು ಡಬ್ಬಿ, ತುಕ್ಕು ಹಿಡಿದ ಮುಚ್ಚಳ, ತೆರೆದರೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ‘ಅರೆಹೊಲಿಗೆ’ಯ ಮೂಲ ನೆಗೆಟಿವ್. ಐವತ್ತೊಂದು ವರ್ಷದ ಹಿಂದೆ ಕ್ಯಾಮೆರಾದೊಳಗೆ ಓಡಿದ ಅದೇ ಫಿಲಂ. ಇದನ್ನು ತೊಳೆದು, ಹರಿದ ಅಂಚುಗಳನ್ನು ಸರಿಪಡಿಸಿ ಸ್ಕ್ಯಾನಿಗೆ ಕೊಡಬೇಕು. ಏಪ್ರಿಲ್‌ನಲ್ಲಿ ಮತ್ತೆ ತೆರೆಗೆ ಬರುತ್ತದಂತೆ. ಸಂಗ್ರಹಾಲಯದಲ್ಲಿ ಈ ಕೆಲಸಕ್ಕೆ ಆಸೆಪಡದವರಿರಲಿಲ್ಲ. “ನಿಮ್ಮ ಕೈಯಲ್ಲಿ ತಪ್ಪಾಗಲ್ಲ, ಅದಕ್ಕೇ ನಿಮಗೆ” ಎಂದರು ನಮ್ಮ ಅಧಿಕಾರಿ. ನಿಜವೇ. ಇಪ್ಪತ್ತೇಳು ವರ್ಷಗಳಲ್ಲಿ ನಮ್ಮ ವಿಭಾಗದ ತಪ್ಪಿನ ರಿಜಿಸ್ಟರಿನಲ್ಲಿ ನನ್ನ ಹೆಸರು ಒಂದು ಸಲವೂ ಬಂದಿಲ್ಲ. ಬೇರೆಯವರ ಹೆಸರು ಬರೆದವಳು ಮಾತ್ರ ಹೆಚ್ಚಾಗಿ ನಾನೇ.

ಮನೆಯಲ್ಲಿ ಹಿರಿಯರಿಗೆ ಹೇಳಿದೆ. ಹಿರಿಯರೆಂದರೆ ನನ್ನ ತಾಯಿ. ವಯಸ್ಸು ಎಪ್ಪತ್ತೇಳು, ಎರಡು ಕೋಣೆಯ ಈ ಮನೆಯ ಸರ್ವಾಧಿಕಾರಿ. ನಲ್ಲಿ ಪೂರ್ತಿ ನಿಲ್ಲಿಸುವುದಿಲ್ಲ, ದೀಪ ಆರಿಸುವುದಿಲ್ಲ, ನನ್ನ ಕೆಲಸದ ಬಗ್ಗೆ ಈ ಇಪ್ಪತ್ತೇಳು ವರ್ಷದಲ್ಲಿ ಒಂದು ಒಳ್ಳೆಯ ಮಾತಾಡಿಲ್ಲ. ತಾನೂ ಹುಡುಗಿಯಾಗಿದ್ದಾಗ ಫಿಲಂ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುತ್ತಿದ್ದವಳೇ. ಮದುವೆಯಾದ ಮೇಲೆ ಬಿಟ್ಟಳು. ನಾನು ಇದಕ್ಕೆ ಸೇರುತ್ತೇನೆಂದಾಗ ಮೂರು ದಿನ ಮಾತು ಬಿಟ್ಟಿದ್ದಳು.

ಇವತ್ತು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟು ಒಂದೇ ಮಾತು ಕೇಳಿದಳು.

“ಎಷ್ಟನೇ ರೀಲಿಂದ ಶುರು ಮಾಡ್ತೀಯ?”

“ಒಂದರಿಂದ ಅಮ್ಮ. ಇನ್ನೆಲ್ಲಿಂದ ಶುರು ಮಾಡ್ತಾರೆ?”

ಮಾರ್ಚ್ 6, ಗುರುವಾರ

ಒಂದನೇ ರೀಲು ಮುಗಿಯಿತು. ಬಿಳಿ ಕೈಗವಸು, ಹಾಲುಗಾಜಿನ ಕೆಳಗೆ ದೀಪ, ತಣ್ಣನೆಯ ಕೋಣೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಮುಖ ಕಪ್ಪು, ಕೂದಲು ಬಿಳಿ, ಹಗಲು ಕತ್ತಲು. ನಾಯಕಿ ಕಿಟಕಿ ತೆರೆದರೆ ಕೋಣೆಯೊಳಗೆ ಕಪ್ಪು ಸುರಿಯುತ್ತದೆ.

ಸ್ಕ್ಯಾನರ್ ಸಾಹೇಬ (ನಾವಿಟ್ಟ ಹೆಸರು, ಯಂತ್ರ ಅವನ ಸ್ವಂತದ್ದು ಎಂಬಂತೆ ಓಡಾಡುತ್ತಾನೆ) ಮೊದಲ ಇನ್ನೂರು ಅಡಿಗೆ ಬೆಳಕು ತಪ್ಪಿಟ್ಟ. ರಿಜಿಸ್ಟರಿನಲ್ಲಿ ಬರೆದೆ. “ಅಕ್ಕ, ಮತ್ತೆ ಮಾಡಿಕೊಡ್ತೀನಿ, ಬರೀಬೇಡಿ” ಎಂದ. ಬರೆದದ್ದು ಬರೆದದ್ದೇ ಎಂದೆ.

ಸಂಜೆ ಹಿರಿಯರು: “ಎಷ್ಟನೇ ರೀಲು?”

ಮಾರ್ಚ್ 11, ಮಂಗಳವಾರ

ಮಧ್ಯಾಹ್ನ ಊಟದ ಮೇಲೆ ಮೇಜಿಗೆ ತಲೆಯಿಟ್ಟವಳು ಹತ್ತು ನಿಮಿಷ ಮಲಗಿಬಿಟ್ಟೆ. ಕನಸಿನಲ್ಲಿ ಆ ಸಿನಿಮಾದ ಮನೆಯಲ್ಲಿದ್ದೆ. ಮೆಟ್ಟಿಲು ಮೆತ್ತಗಿತ್ತು, ಕಾಲಿಟ್ಟರೆ ಸ್ವಲ್ಪ ಒಳಗೆ ಹೋಗುತ್ತಿತ್ತು. ಎಲ್ಲೋ ಹೊಲಿಗೆ ಯಂತ್ರ ಓಡುತ್ತಿತ್ತು. ಯಾರು ತುಳಿಯುತ್ತಿದ್ದಾರೆಂದು ನೋಡಲು ಹೋಗುವ ಮನಸ್ಸೇ ಆಗಲಿಲ್ಲ. ಆ ಸದ್ದು ಕೇಳುತ್ತ ಮೆಟ್ಟಿಲ ಮೇಲೆ ಕೂತಿದ್ದೆ, ಹಾಯಾಗಿತ್ತು. ಎದ್ದಾಗ ಕೆನ್ನೆಯ ಮೇಲೆ ಗವಸಿನ ಹೊಲಿಗೆಯ ಗುರುತು.

ಮಾರ್ಚ್ 14, ಶುಕ್ರವಾರ

ಐದನೇ ರೀಲು. ಇಷ್ಟು ವರ್ಷ ಇಷ್ಟು ಜನ ಬರೆದರೂ ಈ ಸಿನಿಮಾದ ಕಥೆ ಎರಡು ಸಾಲಿನದು. ಒಬ್ಬಂಟಿ ದರ್ಜಿ ಹೆಂಗಸು. ಅವಳು ಹೊಲಿಯದ ಒಂದು ಕಪ್ಪು ನಿಲುವಂಗಿ ಅವಳ ಯಂತ್ರದ ಮೇಲೆ ದಿನಾ ಬೆಳಗ್ಗೆ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಇವತ್ತು ತೋಳು, ನಾಳೆ ಕಾಲರು. ಮಹಡಿಯ ಬಾಡಿಗೆದಾರನ ಕಿತಾಪತಿ ಎಂದು ಅನುಮಾನಪಟ್ಟು ಅವನನ್ನು ಅವನ ಕೋಣೆಯಲ್ಲೇ ಕೂಡಿಹಾಕಿ ಬೀಗ ಜಡಿಯುತ್ತಾಳೆ. ಆದರೂ ಅಂಗಿ ಬೆಳೆಯುತ್ತದೆ. ಒಂಬತ್ತನೇ ರೀಲಿನ ಕೊನೆಯಲ್ಲಿ ಪೂರ್ತಿಯಾದ ಅಂಗಿ ತೊಟ್ಟು ಮೆಟ್ಟಿಲಿಳಿದು ಬರುತ್ತಾಳೆ, ಅವಳ ಅಳತೆಗೇ ಹೊಲಿದಂತಿರುತ್ತದೆ. ನಡುವೆ ನಿಂತು ತಲೆಯೆತ್ತಿ, ಎರಡು ಸೆಕೆಂಡು, ನೇರವಾಗಿ ನಮ್ಮನ್ನು ನೋಡುತ್ತಾಳೆ. ಹತ್ತನೇ ರೀಲಿನಲ್ಲಿ ಖಾಲಿ ಮನೆ ಬಿಟ್ಟರೆ ಏನೂ ಇಲ್ಲ.

ಆ ಎರಡು ಸೆಕೆಂಡಿನ ಮೇಲೆ ಪುಸ್ತಕಗಳೇ ಬಂದಿವೆ. ಅಂಗಿ ಹೊಲಿದವರು ನೋಡುತ್ತ ಕೂತ ನಾವೇ ಎಂದು ಒಬ್ಬರು, ಅವಳಿಗೆ ಹುಚ್ಚೇ ಇರಲಿಲ್ಲ ಎಂದು ಇನ್ನೊಬ್ಬರು. “ಆ ನೋಟಕ್ಕಾಗಿ ಮೂರು ದಿನ ಕಾದೆ” ಎಂದು ನಿರ್ದೇಶಕರು ಸಾಯುವವರೆಗೆ ಎಲ್ಲ ಸಂದರ್ಶನದಲ್ಲೂ ಹೇಳುತ್ತಿದ್ದರು. ನಾನು ನೋಡಿದಾಗ ನನಗೆ ಹತ್ತೊಂಬತ್ತು. ಬೆಳಗಿನ ಆಟ, ಹಾಲಿನಲ್ಲಿ ಏಳೆಂಟು ಜನ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಹೊರಗೆ ಬಂದವಳು ಮನೆಗೆ ಹೋಗದೆ ಸಂಜೆಯವರೆಗೆ ಬೀದಿ ಸುತ್ತಿದೆ. ಮರುವರ್ಷ ಈ ಕೆಲಸಕ್ಕೆ ಸೇರಿದೆ.

ಹಿರಿಯರು ಇವತ್ತೂ ಅದೇ ಪ್ರಶ್ನೆ. ನಿನ್ನೆ ತಾನೇ ಹೇಳಿದ್ದೆನಲ್ಲ ಎಂದರೆ “ಮರೆತೆ” ಎನ್ನುತ್ತಾಳೆ. ವಯಸ್ಸು. ಒಮ್ಮೆ ಡಾಕ್ಟರಿಗೆ ತೋರಿಸಬೇಕು.

ಮಾರ್ಚ್ 19, ಬುಧವಾರ

ಏಳು ಮುಗಿಯಿತು. ಸಂಜೆ ಬೀದಿಗೆ ಬಂದರೆ ಕಣ್ಣು ಇನ್ನೂ ನೆಗೆಟಿವ್‌ನಲ್ಲೇ ಇರುತ್ತದೆ. ಜನರ ಹಲ್ಲು ಕಪ್ಪಗೆ ಕಾಣುತ್ತದೇನೋ ಅಂತ ಕಾಯುತ್ತೇನೆ.

ಅಮ್ಮ ಎರಡು ದಿನದಿಂದ ತಟ್ಟೆ ಮುಂದೆ ಸುಮ್ಮನೆ ಕೂರುತ್ತಾಳೆ. ಹೊಟ್ಟೆ ಸರಿಯಿಲ್ಲವಂತೆ.

“ಏಳಾಯ್ತಾ? ಎಂಟು ಯಾವಾಗ?”

“ನಾಳೆ. ನಿನಗ್ಯಾಕಮ್ಮ ಇಷ್ಟು ಆತುರ?”

“ಆತುರ ಏನಿಲ್ಲ. ನಿಧಾನವಾಗೇ ಮಾಡು.”

ಮಾರ್ಚ್ 21, ಶುಕ್ರವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಒಂಬತ್ತನೇ ರೀಲು. ಆ ನೋಟದ ಶಾಟ್ ಬಂತು. ಎರಡೂ ತುದಿಯಲ್ಲಿ ಅಂಟಿಸಿದ ಜಾಗ ಸಡಿಲವಾಗಿತ್ತು, ಭೂತಗನ್ನಡಿ ಹಿಡಿದೆ. ಅಂಟಿಸುವ ಮುನ್ನ ಫಿಲಮ್ಮಿನ ಮೇಲ್ಪದರವನ್ನು ಬ್ಲೇಡಿನಿಂದ ಕೆರೆಯುತ್ತಾರೆ. ಬಲಗೈಯವರು ಕೆರೆದರೆ ಗೀರು ಒಂದು ಕಡೆ ವಾಲುತ್ತದೆ. ಇಲ್ಲಿ ಇನ್ನೊಂದು ಕಡೆ ವಾಲಿತ್ತು. ಹಿಂದಿನ ಜೋಡಣೆಗಳನ್ನೂ ತಿರುಗಿ ನೋಡಿದೆ, ಎಲ್ಲ ಹಾಗೇ. ಎಡಗೈಯವರು, ಮೂರು ಗೀರು ಉದ್ದ, ನಾಲ್ಕನೆಯದು ಗಿಡ್ಡ. ಆಲೂಗಡ್ಡೆ ಸಿಪ್ಪೆ ತೆಗೆಯುವಾಗ ಅಮ್ಮನ ಚಾಕು ಹೀಗೇ ಹೋಗುತ್ತದೆ. ನಲವತ್ತು ವರ್ಷದಿಂದ ನೋಡುತ್ತಿರುವ ಕೈ ಅದು.

ಡಬ್ಬಿಯ ತಳದಲ್ಲಿ ಕಪ್ಪು ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಸುರುಳಿ, ಜೊತೆಗೊಂದು ಚೀಟಿ. ನಿರ್ದೇಶಕರ ಕೈಬರಹ: “ರೀಲ್ 9, ಮೆಟ್ಟಿಲು. ಟೇಕ್ 4 ಇರಬೇಕಿತ್ತು. ಹುಡುಗಿ 3 ಹಾಕಿದ್ದಾಳೆ. ಹದಿನೆಂಟು ಪ್ರಿಂಟ್ ಆಗಿಹೋಗಿವೆ, ನಾಡಿದ್ದು ಬಿಡುಗಡೆ. ಸಿನಿಮಾ ಹಾಳಾಯಿತು. ಅವಳನ್ನು ತೆಗೆದುಹಾಕಿದೆ.”

ಅಮ್ಮ ಮದುವೆಯಾಗಿ ಕೆಲಸ ಬಿಟ್ಟಳೆಂದುಕೊಂಡಿದ್ದೆ.

ಆ ಸುರುಳಿಯೇ ಟೇಕ್ 4. ಸಾಹೇಬನಿಂದ ಸ್ಕ್ಯಾನ್ ಮಾಡಿಸಿ ನೋಡಿದೆ. ನಾಯಕಿ ನಮ್ಮತ್ತ ನೋಡುವುದಿಲ್ಲ. ಬೀಗ ಹಾಕಿದ ಬಾಗಿಲಿನತ್ತ ನೋಡುತ್ತಾಳೆ, ಹೆದರುತ್ತಾಳೆ, ಅಷ್ಟೇ. ಬಾಡಿಗೆದಾರ ಒಳಗೇ ಸತ್ತಿದ್ದಾನೆಂದು ಅವಳಿಗೆ ಗೊತ್ತಿದೆಯೆಂದು ನಮಗೂ ಗೊತ್ತಾಗುತ್ತದೆ. ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಜಗತ್ತು ಕೊಂಡಾಡಿದ ಆ ನೋಟ, ಬೇಡವೆಂದು ಬಿಟ್ಟ ಟೇಕ್ 3ರದ್ದು. ಪಾಪ, ನಟಿ ಮರೆತು ಕ್ಯಾಮೆರಾ ನೋಡಿಬಿಟ್ಟಿದ್ದಳು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ರೀಲಿನ ಲೆಕ್ಕ ಕೇಳಲಿಲ್ಲ. ನನ್ನ ಮುಖ ನೋಡಿ ಒಳಗೆ ಹೋದಳು.

ಮಾರ್ಚ್ 22, ಶನಿವಾರ

ಇಬ್ಬರೂ ಮಾತಾಡಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ನಿಲ್ಲಿಸಲು ಎದ್ದವಳು ಯಾಕೋ ಹಾಗೇ ಕೂತೆ, ಆ ಸದ್ದಾದರೂ ಇರಲಿ ಎನಿಸಿತು.

ಮಾರ್ಚ್ 25, ಮಂಗಳವಾರ

ನಿರ್ದೇಶಕರ ಮಗ ಬಂದಿದ್ದರು. ಸಿನಿಮಾದ ಹಕ್ಕು ಈಗ ಅವರದು. ಹಲ್ಲಿನ ಡಾಕ್ಟರು, ಅರವತ್ತರ ಸಾಧು ಮನುಷ್ಯ. ಚೀಟಿಯನ್ನು ಅವರಿಂದ ಬಚ್ಚಿಡಬಹುದಿತ್ತು, ಸುರುಳಿಯನ್ನೂ. ಬೆಳಗ್ಗೆಯಿಂದ ಅದನ್ನೇ ಯೋಚಿಸಿದ್ದೆ. ಆದರೆ ಕೂರುತ್ತಿದ್ದಂತೆಯೇ ಅವರೇ ಕೇಳಿದರು.

“ಟೇಕ್ ನಾಲ್ಕು ಸಿಕ್ತಾ?”

ಡ್ರಾಯರ್ ತೆಗೆದು ಸುರುಳಿಯನ್ನು ಅವರ ಮುಂದಿಟ್ಟೆ.

“ಅಪ್ಪ ಕೊನೇ ದಿನಗಳಲ್ಲಿ ಅದೊಂದೇ ಮಾತು ಹೇಳ್ತಿದ್ರು ಮೇಡಂ. ಆ ನೋಟ ನಂದಲ್ಲ, ನಾನು ಸುಳ್ಳು ಹೇಳಿಕೊಂಡು ಬದುಕಿದೆ ಅಂತ. ಒಂದು ಸಲ ಆದ್ರೂ ಅವರು ತೆಗೆದ ಹಾಗೆ ತೋರಿಸಬೇಕು. ಹೊಸ ಪ್ರತಿಯಲ್ಲಿ ಬದಲಾಯಿಸಿಕೊಡಿ. ಹಳೇ ನೆಗೆಟಿವ್ ಮುಟ್ಟೋದು ಬೇಡ, ಅದು ಹಾಗೇ ಇರಲಿ.”

“ಬದಲಾಯಿಸಿದ್ರೆ ಮೊದಲು ತಪ್ಪು ಮಾಡಿದವರು ಯಾರು ಅಂತ ಎಲ್ಲರೂ ಕೇಳ್ತಾರಲ್ಲ ಸರ್.”

“ಯಾರೋ ಹುಡುಗಿ ಅಂತೆ. ಈಗ ಎಲ್ಲಿದ್ದಾರೋ.”

ನಮ್ಮ ಮನೆಯಲ್ಲಿದ್ದಾರೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎರಡು ದಿನ ಸಮಯ ಕೇಳಿದೆ. ಅಮ್ಮನ ತಪ್ಪು ಹಾಗೇ ಉಳಿದರೆ ಅವಳು ಸುರಕ್ಷಿತ. ತಿದ್ದಿದರೆ ಊರೆಲ್ಲ ಅವಳನ್ನು ಹುಡುಕುತ್ತದೆ. ನನ್ನ ತಲೆಯಲ್ಲಿ ಇದೊಂದೇ ಓಡುತ್ತಿದೆ. ಸಾಹೇಬ ಇವತ್ತು ಮತ್ತೆ ಬೆಳಕು ತಪ್ಪಿಟ್ಟ. ಇಬ್ಬರೂ ಕೂತು ಸರಿಮಾಡಿದೆವು.

ಮಾರ್ಚ್ 27, ಗುರುವಾರ

ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಅಮ್ಮ ಅವರೆಕಾಳು ಬಿಡಿಸುತ್ತ ಕೂತಿದ್ದಳು. ಮುಖ ಕಪ್ಪು, ಕೂದಲಿನ ಅಂಚು ಬೆಳ್ಳಗೆ. ನನ್ನ ಮೇಜಿನ ಮೇಲಿನ ಚಿತ್ರವೊಂದು ಎದ್ದು ಬಂದು ಕೂತ ಹಾಗಿತ್ತು. ಎದುರಿಗೆ ಕೂತು ನಾನೂ ನಾಲ್ಕು ಸಿಪ್ಪೆ ಬಿಡಿಸಿದೆ.

“ಮೂರು ಉದ್ದ, ಒಂದು ಗಿಡ್ಡ” ಎಂದೆ.

ಅಮ್ಮನ ಕೈ ನಿಂತಿತು. “ನೋಡಿದ್ಯಾ.”

“ನೋಡಿದೆ.”

ಬಿಡಿಸಿದ ಕಾಳನ್ನು ಪಕ್ಕಕ್ಕೆ ಸರಿಸಿ ಹೇಳಿದಳು. “ನಾವು ಮೇಜಿನ ಮೇಲೆ ಎಡಿಟರ್ ಜೋಡಿಸಿದ ಪ್ರತಿ ಇಟ್ಟುಕೊಂಡು, ಅದೇ ಥರ ನೆಗೆಟಿವ್ ಕತ್ತರಿಸೋದು. ಆ ಶಾಟ್ ಇರೋ ಕಡೆ ಅವರ ಪ್ರತಿ ಹರಿದುಹೋಗಿತ್ತು. ಅಷ್ಟುದ್ದ ಖಾಲಿ ಫಿಲಂ ಅಂಟಿಸಿದ್ರು, ಯಾವ ಟೇಕ್ ಅಂತ ಬರೆದೇ ಇರಲಿಲ್ಲ. ಎರಡೂ ಟೇಕ್ ಪಕ್ಕಪಕ್ಕ ಇಟ್ಟು ನೋಡಿದೆ ಕಣೇ. ಕೈ ಅದೇ, ಕಂಬಿ ಅದೇ, ಅಂಗಿ ಅದೇ. ಕಣ್ಣು ನೆಗೆಟಿವ್‌ನಲ್ಲಿ ಬರೀ ಎರಡು ಬಿಳಿ ಚುಕ್ಕೆ. ಎಲ್ಲಿ ನೋಡ್ತಿದೆ ಅಂತ ಹೇಗೆ ಗೊತ್ತಾಗಬೇಕು?”

“ಮತ್ತೆ ತಪ್ಪು ಎಡಿಟರ್‌ದು ಅಲ್ವಾ ಅಮ್ಮ?”

“ಹೋಗಿ ಕೇಳಬಹುದಿತ್ತು. ಅವರು ಊಟಕ್ಕೆ ಹೋಗಿದ್ರು, ನನಗೆ ಬೇಗ ಮನೆಗೆ ಹೋಗಬೇಕಿತ್ತು. ಕೇಳಲಿಲ್ಲ. ಎಲ್ಲರ ಮುಂದೆ ಬೈದ್ರು ಆ ಮನುಷ್ಯ. ಕತ್ತರಿ ಹಿಡಿಯೋಕೆ ಯೋಗ್ಯತೆ ಇಲ್ಲ ಅಂದ್ರು. ಆಮೇಲೆ ಪೇಪರಿನಲ್ಲಿ ಅವರಿಗೇ ಶಭಾಷ್. ನನ್ನ ತಪ್ಪನ್ನ ತಮ್ಮದು ಮಾಡ್ಕೊಂಡ್ರು, ಬೈಗುಳ ಮಾತ್ರ ನನ್ನ ಹತ್ರಾನೇ ಉಳೀತು.”

ನಾನು ಹತ್ತೊಂಬತ್ತರ ಆ ಬೆಳಗ್ಗೆಯ ಕಥೆ ಹೇಳಿದೆ. ಈ ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಆ ಎರಡು ಸೆಕೆಂಡು ನನ್ನ ಇಡೀ ಬದುಕನ್ನು ತಿರುಗಿಸಿತಮ್ಮ, ಅದು ತಪ್ಪು ಹೇಗಾಗುತ್ತದೆ ಎಂದೆ. ಹೇಳುತ್ತ ಅತ್ತುಬಿಟ್ಟೆ.

ಅಮ್ಮ ಸಿಪ್ಪೆ ಒಟ್ಟುಮಾಡುತ್ತ, “ಹಾಗಾದ್ರೆ ನಿನ್ನ ಈ ಕೆಲಸಕ್ಕೆ ಹಚ್ಚಿದ್ದೂ ನನ್ನ ತಪ್ಪೇ ಅನ್ನು” ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಲೇ ಕೇಳಿದಳು, “ಆ ಇನ್ನೊಂದು ಹೇಗಿದೆ? ನಾನು ಎರಡನ್ನೂ ತೆರೆ ಮೇಲೆ ನೋಡೇ ಇಲ್ಲ.”

ಮಾರ್ಚ್ 29, ಶನಿವಾರ

ಅಮ್ಮ ನನ್ನ ಕೆಲಸದ ಕೋಣೆಗೆ ಬಂದಳು. ಬೂದು ಬಣ್ಣದ ಶಾಲು ಹೊದ್ದು, ಪರೀಕ್ಷೆಗೆ ಬಂದವಳ ಹಾಗೆ. ಸಾಹೇಬ ಕುರ್ಚಿ ಒರೆಸಿಕೊಟ್ಟ. ಹಲ್ಲಿನ ಡಾಕ್ಟರನ್ನೂ ಕರೆಸಿದ್ದೆ. ಆ ಹುಡುಗಿ ಇವರೇ ಎಂದೆ. ಅವರು ಎದ್ದು ನಿಂತವರು ಕೂರಲೇ ಇಲ್ಲ.

“ಅಪ್ಪನ ಪರವಾಗಿ ಏನು ಹೇಳಬೇಕೋ ಗೊತ್ತಾಗ್ತಿಲ್ಲ ಅಮ್ಮ. ನೀವು ಹೇಗೆ ಹೇಳ್ತೀರೋ ಹಾಗೇ ಮಾಡೋಣ.”

ಕೋಣೆ ಕತ್ತಲು ಮಾಡಿದೆವು. ಮೊದಲು ಮೂರು. ನಾಯಕಿ ತಲೆಯೆತ್ತಿ ನೋಡಿದಳು. ನಾನು ತೆರೆ ನೋಡಲಿಲ್ಲ, ಅಮ್ಮನನ್ನು ನೋಡುತ್ತಿದ್ದೆ. ಅಮ್ಮ ಆ ನೋಟವನ್ನು ಕಣ್ಣು ಮಿಟುಕಿಸದೆ ಎದುರಿಸಿದಳು. ಆಮೇಲೆ ನಾಲ್ಕು. ಮತ್ತೆ ಮೂರು. ಮತ್ತೆ ನಾಲ್ಕು. ಎಷ್ಟು ಸಲ ತಿರುಗಿಸಿದೆವೋ, ಸಮಯ ಎಲ್ಲಿಗೋ ಹೋಗಿತ್ತು. ಅದೇ ಹೆಂಗಸು ಅದೇ ಮೆಟ್ಟಿಲನ್ನು ಇಳಿಯುತ್ತಲೇ ಇದ್ದಳು. ನಾವು ನಾಲ್ಕೂ ಜನ ಆ ಮನೆಯ ಬಾಡಿಗೆದಾರರಾಗಿಬಿಟ್ಟಿದ್ದೆವು.

ಅಮ್ಮ ಮೂರನೆಯದನ್ನೇ ಮೆಚ್ಚುತ್ತಾಳೆ, ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ.

“ನಾಲ್ಕು ಹಾಕು” ಎಂದಳು.

“ಅಮ್ಮ, ಜನ ಮೂರನ್ನೇ...”

“ಜನಕ್ಕೆ ಏನು ಬೇಕೋ ಇಷ್ಟಪಡಲಿ. ಕೆಲಸ ಮಾಡಿದವಳು ನಾನು. ಹೊಗಳಿಸಿಕೊಂಡ್ರೆ ತಪ್ಪು ಸರಿಯಾಗಿಬಿಡಲ್ಲ. ನಾನು ಸರಿಯಾಗಿ ಮಾಡಿದ ಹಾಗೆ ಒಂದ್ಸಲ ನೋಡಬೇಕು ಕಣೇ.”

ನನಗೆ ಸಂಕಟವಾಯಿತು. ನನ್ನನ್ನು ನೋಡಿದ ಆ ಕಣ್ಣುಗಳನ್ನು ನನ್ನ ಕೈಯಿಂದಲೇ ತೆಗೆಯಬೇಕು. ಡಾಕ್ಟರಿಗೆ ಒಂದೇ ಷರತ್ತು ಹಾಕಿದೆ. ಯಾಕೆ ಬದಲಾಯಿಸಿದೆವೆಂದು ಎಲ್ಲೂ ಹೇಳಬಾರದು. ಹೇಳಿದರೆ ಅಮ್ಮನ ಹೆಸರು ಹೊರಗೆ ಬರುತ್ತದೆ. ಒಪ್ಪಿದರು. ಕಂಪ್ಯೂಟರಿನಲ್ಲಿ ಶಾಟ್ ಬದಲಾಯಿಸಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಗುಂಡಿ ಒತ್ತುವಾಗ ಅಮ್ಮನ ಎಡಗೈಯನ್ನು ನನ್ನ ಕೈಯ ಮೇಲಿಟ್ಟುಕೊಂಡೆ.

ಏಪ್ರಿಲ್ 18, ಶುಕ್ರವಾರ

ಮಧ್ಯಾಹ್ನದ ಆಟ. ಹಾಲು ತುಂಬಿತ್ತು. ಅಮ್ಮ ಐವತ್ತೊಂದು ವರ್ಷದ ಮೇಲೆ ಥಿಯೇಟರಿನೊಳಗೆ ಕಾಲಿಟ್ಟಳು. ಕುರ್ಚಿಯ ಮೆತ್ತೆ ಒತ್ತಿ ನೋಡಿ, “ಆಗ ಮರದ್ದಿತ್ತು” ಎಂದಳು.

ಸಿನಿಮಾ ಶುರುವಾದ ಮೇಲೆ ನಾನು ಎಲ್ಲಿದ್ದೆನೋ ತಿಳಿಯದು. ಪ್ರತಿ ಗೀರು, ಪ್ರತಿ ಚುಕ್ಕೆ ಗೊತ್ತಿದ್ದ ಮನೆ ಅದು. ಈಗ ಬೆಳಕು ಬೆಳಕಾಗಿ, ಮುಖ ಮುಖವಾಗಿ ತೆರೆದುಕೊಂಡಿತ್ತು. ಒಂಬತ್ತನೇ ರೀಲಿನಲ್ಲಿ ಇಡೀ ಹಾಲು ಕುರ್ಚಿಯ ತುದಿಗೆ ಬಂತು. ಎಲ್ಲರಿಗೂ ಬಾಯಿಪಾಠ, ಎಲ್ಲರೂ ಆ ನೋಟಕ್ಕೆ ಮುಖ ಒಡ್ಡಿ ಕೂತಿದ್ದರು. ನಾಯಕಿ ಇಳಿದಳು, ನಿಂತಳು, ತಲೆಯೆತ್ತಿ ಬಾಗಿಲಿನತ್ತ ನೋಡಿದಳು.

ಹಾಲಿನಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ “ಎಲ್ರೀ ಅದು?” ಎಂದರು. ಅಮ್ಮ ಮಾತ್ರ ದೊಡ್ಡದೊಂದು ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. “ಹ್ಞಾ, ಸರಿಹೋಯ್ತು” ಎಂದಳು. ಖಾಲಿ ಮನೆಯ ಹತ್ತನೇ ರೀಲು ಓಡುವಾಗ ನೋಡಿದರೆ ಗಾಢ ನಿದ್ದೆ. ಎಬ್ಬಿಸಲು ಮನಸ್ಸಾಗದೆ ಹಾಲು ಖಾಲಿಯಾಗುವವರೆಗೆ ಪಕ್ಕದಲ್ಲೇ ಕೂತಿದ್ದೆ.

ಏಪ್ರಿಲ್ 21, ಸೋಮವಾರ

ಪೇಪರಿನಲ್ಲಿ ಬಂದಿದೆ. “ಅರ್ಧ ಶತಮಾನ ನಮ್ಮನ್ನು ಕಾಡಿದ ನೋಟವನ್ನು ದುರಸ್ತಿಯ ಹೆಸರಿನಲ್ಲಿ ಕೊಂದಿದ್ದಾರೆ. ಯಾವುದೋ ಬಿಟ್ಟ ಟೇಕನ್ನು ತಂದು ಅಂಟಿಸಿದ ಕೈಗೆ ಫಿಲಂ ಮುಟ್ಟುವ ಯೋಗ್ಯತೆಯೇ ಇಲ್ಲ.” ಕೆಳಗೆ ದುರಸ್ತಿ ಮಾಡಿದವರೆಂದು ನನ್ನ ಪೂರ್ತಿ ಹೆಸರು. ಅಧಿಕಾರಿ ಕರೆದು, ನಿರ್ದೇಶಕರ ಆ ಚೀಟಿ ಇದೆಯಲ್ಲ, ಮೊದಲು ತಪ್ಪು ಮಾಡಿದವರು ಯಾರೆಂದು ಬರೆದುಬಿಡೋಣ, ನಿಮ್ಮ ಮಾನ ಉಳಿಯುತ್ತೆ ಎಂದರು. ಬೇಡ ಸರ್ ಎಂದೆ. ಡಾಕ್ಟರೂ ಫೋನ್ ಮಾಡಿದರು. ಅವರಿಗೂ ಅದನ್ನೇ ಹೇಳಿದೆ.

ವಿಚಿತ್ರವೆಂದರೆ ನನಗೆ ಏನೂ ಅನಿಸಲಿಲ್ಲ. ಸಂಜೆ ನಡೆದುಕೊಂಡೇ ಮನೆಗೆ ಬಂದೆ, ಗಾಳಿ ಚೆನ್ನಾಗಿತ್ತು. ಪೇಪರನ್ನು ಅಮ್ಮನ ಕಣ್ಣಿಗೆ ಬೀಳದ ಹಾಗೆ ಚೀಲದಲ್ಲಿಟ್ಟೆ.

ಏಪ್ರಿಲ್ 22, ಮಂಗಳವಾರ

ಆಫೀಸಿನಿಂದ ಬಂದಾಗ ಅಮ್ಮ ಮೇಜಿನ ಮುಂದೆ ಕೂತಿದ್ದಳು. ಪೇಪರು ಬಿಚ್ಚಿಟ್ಟಿತ್ತು. ಪಕ್ಕದ ಮನೆಯವರು ನಿಮ್ಮ ಮಗಳ ಹೆಸರು ಬಂದಿದೆಯೆಂದು ತಂದುಕೊಟ್ಟರಂತೆ.

“ಯೋಗ್ಯತೆ ಇಲ್ಲ ಅಂತ ನಿನಗೆ ಬರೆದಿದ್ದಾರೆ. ನಿನಗೆ!”

“ಬಿಡಮ್ಮ. ಒಂದು ವಾರ ಬೈತಾರೆ, ಮರೀತಾರೆ.”

“ಯಾರೂ ಮರೆಯಲ್ಲ. ಮರೆಯಲ್ಲ ಅಂತ ನನಗೆ ಗೊತ್ತು.”

ಇಷ್ಟು ಸಿಟ್ಟು ಅವಳಲ್ಲಿ ನಾನು ನೋಡಿರಲಿಲ್ಲ. ಕಾಗದ ಕೊಡು ಎಂದಳು. ಬೇಡಮ್ಮ ಎಂದೆ, ಕೈ ಹಿಡಿದೆ, ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಯಾಕೆ ಎಂದೆ. ಕೈ ಬಿಡಿಸಿಕೊಂಡಳು. ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ನಿಲ್ಲಿಸಿ ಬರೆದಳು. ಬರೆದು ಮುಗಿಸಲು ಬೆಳಕು ಇಳಿದೇ ಹೋಯಿತು. ನಾನು ದೀಪ ಹಾಕಿದೆ.

“ಸಂಪಾದಕರಿಗೆ. ಐವತ್ತೊಂದು ವರ್ಷಗಳ ಹಿಂದೆ ‘ಅರೆಹೊಲಿಗೆ’ಯಲ್ಲಿ ತಪ್ಪು ಟೇಕ್ ಹಾಕಿದವಳು ನಾನು. ನೀವು ಮೆಚ್ಚಿದ ನೋಟ ನನ್ನ ತಪ್ಪು. ನಾನು ಕೇಳಿದ್ದಕ್ಕೆ ನನ್ನ ಮಗಳು ಅದನ್ನು ಸರಿಮಾಡಿದ್ದಾಳೆ. ಅವಳಷ್ಟು ಚೊಕ್ಕವಾಗಿ ಕೆಲಸ ಮಾಡುವವರನ್ನು ನಾನು ನೋಡಿಲ್ಲ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ವಿಳಾಸ ಕೆಳಗಿದೆ.”

ನಾನು ಓದಿ ಮುಗಿಸುವುದನ್ನು ಅಮ್ಮ ಕಾಯಲಿಲ್ಲ. ಕಾಗದವನ್ನು ನನ್ನ ಕೈಯಿಂದ ಎಳೆದುಕೊಂಡಳು. ಕೆಳಗೆ ತನ್ನ ಹೆಸರು ಬರೆದಳು, ಮದುವೆಗೆ ಮುಂಚಿನದು, ಪೂರ್ತಿಯಾಗಿ. ಒಂದು ಗಳಿಗೆ ಯೋಚಿಸಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ನೆಗೆಟಿವ್ ಕತ್ತರಿಸಿದವರು.